ಪಟ್ಟಣಸ್ವಾಮಿಯೂ ಪ್ರಜಾಪ್ರತಿನಿಧಿಯೂ

೧. ಪ್ರಸ್ತಾವ

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳಲ್ಲಿ ಚುನಾವಣೆಯ ಕಾಲ ಸಮೀಪಿಸಿತೆಂದರೆ ಪೇಟೆಬೀದಿಯ ಗೋಡೆಗಳ ಮೇಲೆ ಹೊಸ ಹೆಸರುಗಳು ಕಾಣಿಸಿಕೊಳ್ಳುವುವು. ಆ ಹೆಸರುಗಳಲ್ಲಿ ಕೆಲವಕ್ಕೆ ‘ಉದ್ಯಮಿ’ ಎಂಬ ವಿಶೇಷಣವು ಸೇರಿರುವುದು. ನಿನ್ನೆಯವರೆಗೆ ಮಂಡಿಯನ್ನೋ ಗಿರಣಿಯನ್ನೋ ಕಾಮಗಾರಿಯ ಗುತ್ತಿಗೆಯನ್ನೋ ನಡೆಸುತ್ತಿದ್ದವರು ಇಂದು ರಾಜ್ಯದ ವಿಧಾನಮಂಡಲವನ್ನು ಪ್ರವೇಶಿಸಲು ಉದ್ಯುಕ್ತರಾಗುವುದು ನಮ್ಮ ಕಾಲಕ್ಕೆ ಹೊಸದೇನೂ ಅಲ್ಲ. ಇದನ್ನು ಕಂಡು ಕೆಲವರು, ಹಣವುಳ್ಳವನು ಅಧಿಕಾರವನ್ನೂ ಕೊಳ್ಳಹೊರಟನೆಂದು ನಿಂದಿಸುವರು. ಮತ್ತೆ ಕೆಲವರು, ಲೆಕ್ಕ ಬಲ್ಲವನ ಕೈಗೆ ಬೊಕ್ಕಸ ಸೇರಿದರೆ ಒಳ್ಳೆಯದೇ ಆಯಿತೆಂದು ಹೊಗಳುವರು. ಈ ನಿಂದೆಯೂ ಈ ಸ್ತುತಿಯೂ ವಿಷಯದ ಮೂಲವನ್ನು ಮುಟ್ಟುವುದಿಲ್ಲವೆಂದು ನನ್ನ ಭಾವನೆ.

ವರ್ತಕನು ರಾಜ್ಯಕಾರ್ಯದಲ್ಲಿ ಭಾಗಿಯಾಗುವುದು ಬಹು ಪ್ರಾಚೀನವಾದ ಸಂಗತಿ. ಬದಲಾದುದು ಅವನು ಕುಳಿತುಕೊಳ್ಳುವ ಪೀಠದ ಸ್ವರೂಪ ಮಾತ್ರ. ಹಿಂದೆ ಅವನು ವರ್ತಕನಾಗಿಯೇ, ವರ್ತಕರ ಪರವಾಗಿಯೇ, ಎಲ್ಲರಿಗೂ ತಿಳಿಯುವಂತೆ ಕುಳಿತುಕೊಳ್ಳುತ್ತಿದ್ದನು. ಈಗ ಸಮಸ್ತ ಮತದಾರರ ಪರವಾಗಿ ಕುಳಿತುಕೊಳ್ಳುವನು. ಅವನ ವ್ಯಾಪಾರವು ಪೀಠದ ಹಿಂದೆ ಮರೆಯಾಗಿರುವುದು. ಈ ವ್ಯತ್ಯಾಸವನ್ನು ಶಬ್ದ, ಶಾಸನ, ಶಾಸ್ತ್ರ, ಇಂದಿನ ಕಾನೂನು ಎಂಬ ನಾಲ್ಕು ದಾರಿಗಳಿಂದ ವಿಶದಪಡಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಶಬ್ದಗಳೂ ಶಾಸನಗಳೂ

ಮೊದಲು ಶಬ್ದಗಳನ್ನು ವಿಚಾರಿಸೋಣ. ಸಂಸ್ಕೃತದಲ್ಲಿ ‘ಉದ್ಯಮ’ವೆಂದರೆ ಪ್ರಯತ್ನ, ಉದ್ಯಮಿಯೆಂದರೆ ಪ್ರಯತ್ನಶೀಲನು. ಅಂಗಡಿಯಾಗಲಿ ಕಾರ್ಖಾನೆಯಾಗಲಿ ಆ ಅರ್ಥದೊಳಗಿಲ್ಲ. ‘ವ್ಯಾಪಾರ’ವೆಂಬುದೂ ಸಂಸ್ಕೃತದಲ್ಲಿ ಕೇವಲ ಕ್ರಿಯೆಯನ್ನು ಹೇಳತಕ್ಕದ್ದು, ಕ್ರಯವಿಕ್ರಯವೆಂಬ ಅರ್ಥವು ನಮ್ಮ ದೇಶಭಾಷೆಗಳಲ್ಲಿ ಬಲಿಯಿತು. ‘ವ್ಯವಹಾರ’ ಶಬ್ದದ ಗತಿ ಇನ್ನೂ ವಿಚಿತ್ರವಾದುದು. ಅದು ವಾಣಿಜ್ಯವನ್ನೂ ಹೇಳುವುದು, ನ್ಯಾಯಸ್ಥಾನದ ವಾದವಿಚಾರಣೆಯನ್ನೂ ಹೇಳುವುದು. ಧರ್ಮಶಾಸ್ತ್ರದ ವ್ಯವಹಾರಾಧ್ಯಾಯವನ್ನು ಓದುವ ವಿದ್ಯಾರ್ಥಿಯೂ ಪೇಟೆಯ ವ್ಯವಹಾರಸ್ಥನೂ ಒಂದೇ ಶಬ್ದವನ್ನು ಹಂಚಿಕೊಂಡಿರುವರು. ಕೊಡುವುದು ಕೊಳ್ಳುವುದು ಇರುವಲ್ಲಿ ವಿವಾದವೂ, ವಿವಾದವಿರುವಲ್ಲಿ ರಾಜಶಾಸನವೂ ಬಂದೇ ಬರುವುದರಿಂದ ಈ ಎರಡರ್ಥಗಳು ಒಂದೆಡೆ ನಿಂತುವೆಂದು ತೋರುವುದು.

‘ಶ್ರೇಷ್ಠಿ’ ಶಬ್ದವು ಪ್ರಾಕೃತದ ‘ಸೆಟ್ಠಿ’ಯ ದಾರಿಯಿಂದ ಕನ್ನಡಕ್ಕೆ ‘ಸೆಟ್ಟಿ’ಯಾಗಿ ಬಂದಿತು. ಮೂಲದಲ್ಲಿ ಇದು ಜಾತಿವಾಚಕವಲ್ಲ, ಸ್ಥಾನವಾಚಕ. ವರ್ತಕಸಮೂಹದಲ್ಲಿ ಮುಖ್ಯನಾದವನೇ ಶ್ರೇಷ್ಠಿ. ಅಂಥವನು ರಾಜನ ಅಧಿಕರಣದಲ್ಲಿ ಕುಳಿತುಕೊಳ್ಳುತ್ತಿದ್ದನೆಂಬುದಕ್ಕೆ ಕಾವ್ಯದ ಆಧಾರವೂ ಶಾಸನದ ಆಧಾರವೂ ಉಂಟು. ಮೃಚ್ಛಕಟಿಕದ ಒಂಬತ್ತನೆಯ ಅಂಕದಲ್ಲಿ ಚಾರುದತ್ತನ ವಿಚಾರಣೆ ನಡೆಯುವಾಗ ಅಧಿಕರಣಿಕನೊಡನೆ ಶ್ರೇಷ್ಠಿಯೂ ಕಾಯಸ್ಥನೂ ಕುಳಿತಿರುವುದನ್ನು ಅಧ್ಯಾಪಕರೆಲ್ಲರೂ ಬಲ್ಲರು. ಇದು ಕವಿಕಲ್ಪನೆ ಮಾತ್ರವಲ್ಲವೆಂಬುದನ್ನು, ಇಂದಿನ ಬಾಂಗ್ಲಾದೇಶದ ದಿನಾಜಪುರ ಪ್ರಾಂತದ ದಾಮೋದರಪುರದಲ್ಲಿ ದೊರೆತ ಗುಪ್ತರ ಕಾಲದ ತಾಮ್ರಶಾಸನಗಳು ಸ್ಥಾಪಿಸುವುವು. ಒಂದನೆಯ ಕುಮಾರಗುಪ್ತನ ಆಳ್ವಿಕೆಯ, ಕ್ರಿ. ಶ. ೪೪೩-೪೪ಕ್ಕೆ ಸಲ್ಲುವ ಶಾಸನದಲ್ಲಿ ಕೋಟಿವರ್ಷವಿಷಯದ ಅಧಿಕರಣದ ವಿವರವಿದೆ. ಅಲ್ಲಿ ವಿಷಯಪತಿಯೊಡನೆ ಕಾರ್ಯ ನಡೆಸುವವರು ನಾಲ್ವರು: ನಗರಶ್ರೇಷ್ಠಿ, ಸಾರ್ಥವಾಹ, ಪ್ರಥಮಕುಲಿಕ, ಪ್ರಥಮಕಾಯಸ್ಥ. ಭೂಮಿಯ ಮಾರಾಟಕ್ಕೆ ಇವರ ಸನ್ನಿಧಾನವು ಬೇಕಾಗಿದ್ದಿತು. ಪ್ರತಿಯೊಬ್ಬನ ಹೆಸರಿನ ಹಿಂದೆಯೂ ಅವನ ಸ್ಥಾನವು ಬರೆಯಲ್ಪಟ್ಟಿರುವುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಓದಿದವನಿಗೆ ಇವನು ಯಾರ ಪರವಾಗಿ ಕುಳಿತವನೆಂಬ ಸಂದೇಹವೇ ಹುಟ್ಟಲಾರದು.

ಕನ್ನಡನಾಡಿನಲ್ಲಿ ಈ ಸ್ಥಾನಕ್ಕೆ ‘ಪಟ್ಟಣಸ್ವಾಮಿ’ ಎಂಬ ಹೆಸರುಂಟು. ಅಯ್ಯಾವೊಳೆಯ ಐನೂರ್ವರು, ನಾನಾದೇಶಿಗಳು, ವಡ್ಡವ್ಯವಹಾರಿಗಳು ಮುಂತಾದ ವರ್ತಕಸಮೂಹಗಳು ನಮ್ಮ ಶಾಸನಗಳಲ್ಲಿ ಹೇರಳವಾಗಿ ಬರುವುವು. ಪಟ್ಟಣದ ವರ್ತಕರಿಗೆ ಮುಖ್ಯನಾಗಿ, ಸಂತೆ ಸುಂಕಗಳ ವಿಷಯದಲ್ಲಿ ಅರಸನಿಗೂ ಪೇಟೆಗೂ ನಡುವೆ ನಿಂತವನೇ ಪಟ್ಟಣಸ್ವಾಮಿ. ಶಿವಮೊಗ್ಗ ಜಿಲ್ಲೆಯ ಹೊಂಬುಜದ ಕ್ರಿ. ಶ. ೧೦೬೨ರ ಶಾಸನವು ಹೇಳುವ ಪಟ್ಟಣಸ್ವಾಮಿ ನೊಕ್ಕಯ್ಯಸೆಟ್ಟಿಯು ಇದಕ್ಕೆ ಉಜ್ವಲವಾದ ನಿದರ್ಶನ. ವೀರಸಾಂತರನ ಕಾಲದ ಈ ಸೆಟ್ಟಿಯು ಬಸದಿಯನ್ನು ಎತ್ತಿಸಿದನು, ಕೆರೆಗಳನ್ನು ಕಟ್ಟಿಸಿದನು. ಆ ಬಸದಿಗೆ ಅವನ ಪದವಿಯ ಹೆಸರೇ ನಿಂತಿತು. ‘ಪಟ್ಟಣಶೆಟ್ಟಿ’ ಎಂಬ ಮನೆತನದ ಹೆಸರು ಇಂದಿಗೂ ಉತ್ತರ ಕರ್ಣಾಟಕದಲ್ಲಿ ಬಳಕೆಯಲ್ಲಿರುವುದು. ಪದವಿ ಹೋದರೂ ಹೆಸರು ಉಳಿಯಿತು.

೩. ೧೮೮೧ರ ಪ್ರಜಾಪ್ರತಿನಿಧಿ ಸಭೆ

ಪಟ್ಟಣಸ್ವಾಮಿಯ ಸ್ಥಾನಕ್ಕೂ ಇಂದಿನ ಶಾಸಕನ ಸ್ಥಾನಕ್ಕೂ ನಡುವೆ ಸೇತುವೆಯಂತಿರುವುದು ಮೈಸೂರಿನ ಪ್ರಜಾಪ್ರತಿನಿಧಿ ಸಭೆ. ಪ್ರಕೃತ ನಾಲ್ಕು ತಾಲ್ಲೂಕುಗಳೂ ಮೈಸೂರು ಸಂಸ್ಥಾನಕ್ಕೆ ಸೇರಿದವುಗಳಾದುದರಿಂದ, ಇಲ್ಲಿಯ ವರ್ತಕನಿಗೆ ಸಂಸ್ಥಾನದ ರಾಜಕಾರ್ಯದ ಬಾಗಿಲು ಶಾಸನಬದ್ಧವಲ್ಲದಿದ್ದರೂ ಕ್ರಮಬದ್ಧವಾಗಿ ತೆರೆದುದು ಈ ಸಭೆಯ ಮೂಲಕವೇ.

೧೮೮೧ನೆಯ ಇಸವಿ ಮಾರ್ಚಿ ೨೫ರಂದು ಸಂಸ್ಥಾನವು ಬ್ರಿಟಿಷರಿಂದ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಮರಳಿ ಬಂದಿತು. ೧೮೭೬-೭೮ರ ಮಹಾಕ್ಷಾಮವು ನಾಡನ್ನು ಬರಿದುಮಾಡಿತ್ತು. ೧೮೭೧ರ ಗಣತಿಯಲ್ಲಿ ೫೦ ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಇಂಥ ಕಾಲದಲ್ಲಿ ದಿವಾನರಾಗಿದ್ದ ಸಿ. ರಂಗಾಚಾರ್ಲು ಅವರು, ಸರ್ಕಾರವು ಮಾಡುವುದನ್ನು ಪ್ರಜೆಗಳಿಗೆ ತಿಳಿಸಿ ಅವರ ಅಹವಾಲುಗಳನ್ನು ಕೇಳುವುದಕ್ಕಾಗಿ, ವರ್ಷಕ್ಕೊಮ್ಮೆ ದಸರೆಯ ಕಾಲದಲ್ಲಿ ಸೇರುವ ಸಭೆಯೊಂದನ್ನು ಏರ್ಪಡಿಸಿದರು. ೧೮೮೧ರ ಆಗಸ್ಟಿನ ಆಜ್ಞೆಯಂತೆ ಅಕ್ಟೋಬರ್ ೭ರಂದು ಮೈಸೂರಿನಲ್ಲಿ ಮೊದಲ ಸಭೆ ಕೂಡಿತು. ಸದಸ್ಯರು ೧೪೪ ಮಂದಿ.

ಈ ಸದಸ್ಯರನ್ನು ಆರಿಸಿದ ಬಗೆಯೇ ನಮಗೆ ಮುಖ್ಯವಾದುದು. ತಾಲ್ಲೂಕಿಗೆ ಒಬ್ಬರೋ ಇಬ್ಬರೋ ಭೂಹಿಡುವಳಿಯುಳ್ಳ ರೈತರೂ, ಜಿಲ್ಲೆಗೆ ಮೂವರೋ ನಾಲ್ವರೋ ಪ್ರಮುಖ ವರ್ತಕರೂ ಬರತಕ್ಕದ್ದೆಂಬುದು ಆಗಿನ ಏರ್ಪಾಡು. ರೈತನು ರೈತನಾಗಿ ಬಂದನು, ವರ್ತಕನು ವರ್ತಕನಾಗಿ ಬಂದನು. ದಾಮೋದರಪುರದ ನಗರಶ್ರೇಷ್ಠಿಯಂತೆಯೇ ಇವನ ಸ್ಥಾನವೂ ಹೆಸರಿನ ಜೊತೆಯಲ್ಲಿ ಬಂದಿತು. ಸಭೆಗೆ ಮತಹಾಕಿ ತೀರ್ಮಾನಿಸುವ ಅಧಿಕಾರವಿರಲಿಲ್ಲ. ಕೇಳುವುದೂ ಹೇಳುವುದೂ ಮಾತ್ರವಿದ್ದಿತು. ಆದರೆ ಹೇಳುವವನು ಯಾರೆಂಬುದು ಮರೆಯಾಗಿರಲಿಲ್ಲ. ಸುಂಕ ಹೆಚ್ಚಾಯಿತೆಂದು ಒಬ್ಬ ವರ್ತಕನು ಎದ್ದುನಿಂತು ದೂರಿದರೆ, ದಿವಾನರೂ ಪಕ್ಕದ ರೈತನೂ ಅದನ್ನು ವರ್ತಕನ ಮಾತೆಂದೇ ತೂಗಿ ನೋಡಬಹುದಾಗಿತ್ತು.

ತರುವಾಯ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಆಸ್ತಿ ತೆರಿಗೆಗಳ ಅರ್ಹತೆಯು ಗೊತ್ತಾಗಿ, ೧೮೯೧ರಲ್ಲಿ ಚುನಾವಣೆಯ ಪದ್ಧತಿಯೂ ಬಂದಿತು. ಭೂಕಂದಾಯವನ್ನು ಮಾತ್ರವಲ್ಲದೆ ಮನೆ, ಅಂಗಡಿ, ಕಸಬುಗಳ ಮೇಲಿನ ಮೊಹತರ್ಫಾ ತೆರಿಗೆಯನ್ನು ಕೊಡುವವರಿಗೂ ಅರ್ಹತೆಯುಂಟಾದುದರಿಂದ ಪೇಟೆಯವನ ಹಕ್ಕು ಉಳಿಯಿತು. ೧೯೦೭ರಲ್ಲಿ ನ್ಯಾಯವಿಧಾಯಕ ಸಭೆ ಸ್ಥಾಪಿತವಾಯಿತು. ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ, ೧೯೧೬ರಲ್ಲಿ, ಮೈಸೂರು ವಾಣಿಜ್ಯ ಮಂಡಲಿ ಹುಟ್ಟಿ ವರ್ತಕರಿಗೆ ತಮ್ಮದೇ ಆದ ಸಂಘಧ್ವನಿ ದೊರೆಯಿತು. ೧೯೨೩ರ ಸುಧಾರಣೆಯು ಪ್ರಜಾಪ್ರತಿನಿಧಿ ಸಭೆಗೆ ಶಾಸನದ ಆಧಾರವನ್ನು ಒದಗಿಸಿತು, ಸ್ತ್ರೀಯರಿಗೆ ಮತಾಧಿಕಾರವನ್ನು ತೆರೆಯಿತು. ೧೯೪೭ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಜವಾಬ್ದಾರಿ ಸರ್ಕಾರವು ಬಂದಮೇಲೆ, ೧೯೪೯ರಲ್ಲಿ, ಅರುವತ್ತೆಂಟು ವರ್ಷಗಳ ಆ ಸಭೆಯು ತೆರೆಮರೆಗೆ ಸರಿಯಿತು.

೪. ನಾಲ್ಕು ತಾಲ್ಲೂಕುಗಳ ಪೇಟೆ

ಈ ಸೀಮೆಯಲ್ಲಿ ವರ್ತಕನ ಪ್ರಭಾವವು ಏಕೆ ಇಷ್ಟು ಆಳವಾದುದೆಂಬುದಕ್ಕೆ ಭೂಮಿಯೇ ಉತ್ತರ ಹೇಳುವುದು. ಜಯಮಂಗಲಿಯು ಹರಿಯುವ ಕೊರಟಗೆರೆ ಮಧುಗಿರಿಗಳ ಕೆಲವು ಎಡೆಗಳನ್ನು ಬಿಟ್ಟರೆ ಉಳಿದುದು ಬಹುಮಟ್ಟಿಗೆ ಮಳೆಯನ್ನು ನೆಚ್ಚಿದ ಬೆದ್ದಲು. ಕಡಲೆಕಾಯಿ, ರಾಗಿ, ಹುಣಿಸೆ ಇಲ್ಲಿಯ ಹೆಸರಾದ ಉತ್ಪನ್ನಗಳು. ಶಿರಾ ಪಟ್ಟಣವು ೧೬೮೭ರ ತರುವಾಯ ಮೊಗಲರ ಸುಬೆಯ ಮುಖ್ಯಸ್ಥಾನವಾಗಿದ್ದು, ಇಂದು ಹೆದ್ದಾರಿಯ ಪೇಟೆಯಾಗಿ ನಿಂತಿದೆ. ಪಾವಗಡವು ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿಯಲ್ಪಟ್ಟಿದ್ದು, ಅದರ ಕೊಡುಕೊಳೆಯು ಎರಡು ಭಾಷೆಗಳಲ್ಲಿ ನಡೆಯುವುದು. ೧೮೮೪ರಲ್ಲಿಯೇ ಬೆಂಗಳೂರಿಂದ ತುಮಕೂರಿಗೆ ರೈಲುದಾರಿ ತೆರೆದರೂ ಅದು ಈ ನಾಲ್ಕು ಪಟ್ಟಣಗಳನ್ನು ಮುಟ್ಟಲಿಲ್ಲ. ತುಮಕೂರು-ರಾಯದುರ್ಗ, ತುಮಕೂರು-ದಾವಣಗೆರೆ ಮಾರ್ಗಗಳ ಕೆಲಸವು ನಡೆದಿರುವುದು ನಮ್ಮ ಕಾಲದಲ್ಲಿ.

ಮಳೆ ತಪ್ಪಿದ ವರ್ಷ ಬೀಜಕ್ಕೂ ಮದುವೆಗೂ ಆಸ್ಪತ್ರೆಗೂ ರೈತನು ಮೊದಲು ಹೋಗುವುದು ಮಂಡಿಯ ಬಾಗಿಲಿಗೆ. ಉದ್ರಿಯ ಪುಸ್ತಕದಲ್ಲಿ ಊರಿನ ಎಲ್ಲ ಮನೆಗಳ ಹೆಸರೂ ಇರುವುದು. ಮತದಾರರ ಪಟ್ಟಿ ಸಿದ್ಧವಾಗುವುದಕ್ಕಿಂತ ಮೊದಲೇ ಇನ್ನೊಂದು ಪಟ್ಟಿ ಮಂಡಿಯವನ ಕೈಯಲ್ಲಿರುವುದೆಂದು ಹೇಳಿದರೆ ಅತಿಶಯೋಕ್ತಿಯಾಗದು. ಉಪಕಾರವೂ ಋಣವೂ ಒಂದೇ ಪುಟದಲ್ಲಿ ಬರೆದಿರುವಾಗ, ಅವನು ಕೇಳುವ ಮತವು ಕೃತಜ್ಞತೆಯೋ ಬಡ್ಡಿಯೋ ಎಂಬುದು ಸೂಕ್ಷ್ಮವಾದ ಪ್ರಶ್ನೆ.

ನನ್ನ ಅನುಭವವೊಂದನ್ನು ಇಲ್ಲಿ ಹೇಳಿದರೆ ವಾಚಕರು ಮನ್ನಿಸಬೇಕು. ಸುಮಾರು ನಾಲ್ವತ್ತು ವರ್ಷಗಳ ಹಿಂದೆ ನಾನು ಓದುತ್ತಿದ್ದ ಸಂಸ್ಕೃತ ಪಾಠಶಾಲೆಗೆ, ಹುಣಿಸೆ ಕಡಲೆಕಾಯಿಗಳ ಮಂಡಿಯಿಟ್ಟಿದ್ದ ಗೃಹಸ್ಥರೊಬ್ಬರು ತಿಂಗಳಿಗೊಮ್ಮೆ ಅಕ್ಕಿಬೇಳೆಗಳನ್ನು ಕಳುಹಿಸುತ್ತಿದ್ದರು. ಅವರು ಪುರಸಭೆಯ ಚುನಾವಣೆಗೆ ನಿಂತಾಗ ನಮ್ಮ ಗುರುಗಳ ಬಳಿಗೆ ಬಂದು ಆಶೀರ್ವಾದ ಬೇಡಿದರು. ಗುರುಗಳು ಫಲಮಂತ್ರಾಕ್ಷತೆಯನ್ನು ಕೊಟ್ಟು, “ಸೆಟ್ಟರೆ, ಹುಡುಗರು ಉಂಡ ಅನ್ನಕ್ಕೆ ಆಶೀರ್ವಾದ ಎಂದಿನಂತೆ ಉಂಟು. ಮತ ಮಾತ್ರ ಊರಿನ ಸೊತ್ತು, ಅದನ್ನು ಅಕ್ಕಿಯ ಲೆಕ್ಕಕ್ಕೆ ಜಮಾ ಮಾಡಲಾರೆ” ಎಂದರು. ಸೆಟ್ಟರು ಕ್ಷಣಕಾಲ ಸುಮ್ಮನಿದ್ದು ನಮಸ್ಕರಿಸಿ ಹೊರಟರು. ನಮಗೆ ಹುಡುಗರಿಗೆ ಮುಂದಿನ ತಿಂಗಳ ಊಟದ ಭಯ. ಆದರೆ ಮುಂದಿನ ತಿಂಗಳೂ ಅಕ್ಕಿಯ ಮೂಟೆ ಬಂದಿತು. ದಾನ ಬೇರೆ, ಪ್ರಾತಿನಿಧ್ಯ ಬೇರೆ ಎಂಬುದನ್ನು ಕೊಟ್ಟವರೂ ಕೊಂಡವರೂ ಒಪ್ಪಿಕೊಂಡ ಆ ದಿನವನ್ನು ನಾನು ಮರೆತಿಲ್ಲ.

೫. ಇಂದಿನ ಪೀಠ

೧೯೫೦ರ ಸಂವಿಧಾನದ ತರುವಾಯ ವಿಧಾನಸಭೆಯ ಪೀಠವು ಕ್ಷೇತ್ರಕ್ಕೆ ಸೇರಿತು, ವೃತ್ತಿಗಲ್ಲ. ೨೦೦೮ರಿಂದ ಜಾರಿಯಲ್ಲಿರುವ ವಿಂಗಡಣೆಯಂತೆ ನಮ್ಮ ನಾಲ್ಕು ತಾಲ್ಲೂಕುಗಳ ಹೆಸರಿನ ನಾಲ್ಕು ಕ್ಷೇತ್ರಗಳಿದ್ದು, ಕೊರಟಗೆರೆ ಪಾವಗಡಗಳು ಪರಿಶಿಷ್ಟ ಜಾತಿಯವರಿಗೆ ಮೀಸಲಾಗಿವೆ. ಯಾವ ಕ್ಷೇತ್ರವೂ ವರ್ತಕರದಲ್ಲ. ವರ್ತಕನು ವರ್ತಕನೆಂದೇ ಆಯ್ಕೆಯಾಗುವ ಎಡೆ ಉಳಿದಿರುವುದು ಕೆಳಗಿನ ಮೆಟ್ಟಲಿನಲ್ಲಿ. ೧೯೬೬ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯಿದೆಯಂತೆ ರಚಿತವಾದ ಸಮಿತಿಗಳಲ್ಲಿ ಕೃಷಿಕರ ಕ್ಷೇತ್ರಗಳೊಡನೆ ವರ್ತಕರ ಕ್ಷೇತ್ರವೂ ಉಂಟು. ಇಲ್ಲಿ ಒಂದು ಕೌತುಕವನ್ನು ಅಧ್ಯಾಪಕರಾದ ವಾಚಕರು ಗಮನಿಸಬಹುದು. ನಮ್ಮ ವಿಧಾನಪರಿಷತ್ತಿನ ೭೫ ಸ್ಥಾನಗಳಲ್ಲಿ ೭ ಸ್ಥಾನಗಳು ಶಿಕ್ಷಕರ ಕ್ಷೇತ್ರಗಳಿಗೆ ಸೇರಿವೆ. ೧೮೮೧ರಲ್ಲಿ ವರ್ತಕನಿಗಿದ್ದ ವೃತ್ತಿಪೀಠವು ಇಂದು ಅವನಿಗಿಲ್ಲ, ಶಿಕ್ಷಕರಿಗೆ ಇದೆ.

ಪೀಠ ಹೋದುದರಿಂದ ವರ್ತಕನು ಹೊರಗುಳಿದನೇ? ಇಲ್ಲ; ಬೇರೆ ದಾರಿಯಿಂದ ಬಂದನು. ಗದಗಿನ ಮುದ್ರಣೋದ್ಯಮದ ಮನೆತನದ ಶ್ರೀ ವಿಜಯ ಸಂಕೇಶ್ವರರು ೧೯೭೬ರಲ್ಲಿ ಒಂದು ಲಾರಿಯಿಂದ ಸಾಗಣೆಯ ಉದ್ಯಮವನ್ನು ಆರಂಭಿಸಿ ಬೆಳೆಸಿದರು. ೧೯೯೬, ೧೯೯೮, ೧೯೯೯ರ ಚುನಾವಣೆಗಳಲ್ಲಿ ಧಾರವಾಡ ಉತ್ತರ ಕ್ಷೇತ್ರದಿಂದ ಲೋಕಸಭೆಗೆ ಆಯ್ಕೆಯಾದರು. ತರುವಾಯ ‘ಕನ್ನಡ ನಾಡು’ ಎಂಬ ಪಕ್ಷವನ್ನೇ ಕಟ್ಟಿ ೨೦೦೪ರ ವಿಧಾನಸಭೆಯ ಚುನಾವಣೆಯನ್ನು ಎದುರಿಸಿದರು. ನಮ್ಮ ಸೀಮೆಯಲ್ಲಿ ಇದಕ್ಕೆ ಸಮೀಪವಾದುದು ಸಹಕಾರಸಂಸ್ಥೆಯ ದಾರಿ. ತುಮಕೂರು ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕಿನ ಅಧ್ಯಕ್ಷತೆಯಿಂದ ಪ್ರಸಿದ್ಧರಾದ ಶ್ರೀ ಕೆ. ಎನ್. ರಾಜಣ್ಣನವರು ೨೦೧೩ರಲ್ಲಿಯೂ ೨೦೨೩ರಲ್ಲಿಯೂ ಮಧುಗಿರಿಯಿಂದ ಆಯ್ಕೆಗೊಂಡು, ೨೦೨೩ರ ಮೇ ತಿಂಗಳಿಂದ ೨೦೨೫ರ ಆಗಸ್ಟಿನವರೆಗೆ ಸಹಕಾರ ಸಚಿವರಾಗಿದ್ದರು. ಮೊದಲಿನದು ಸ್ವಂತ ಉದ್ಯಮ, ಎರಡನೆಯದು ಸದಸ್ಯರ ಸಂಸ್ಥೆ. ಇವೆರಡನ್ನೂ ಒಂದೇ ಎಂದು ಹೇಳುತ್ತಿಲ್ಲ. ಅರ್ಥಸಂಸ್ಥೆಯ ಪರಿಚಯವು ರಾಜ್ಯಪೀಠಕ್ಕೆ ಮೆಟ್ಟಲಾಗುವ ಬಗೆಗೆ ಇವು ನಿದರ್ಶನಗಳು, ಅಷ್ಟೆ.

ಹಿಂದಿನ ವರ್ತಕನಿಗೆ ಸರ್ಕಾರವು ಸುಂಕ ಎತ್ತುವವನು. ಇಂದಿನವನಿಗೆ ಅದು ದೊಡ್ಡ ಗಿರಾಕಿಯೂ ಹೌದು. ರಸ್ತೆ, ಕೆರೆ, ಕಟ್ಟಡಗಳ ಗುತ್ತಿಗೆಯು ತಾಲ್ಲೂಕಿನ ಹಣದ ಮುಖ್ಯಸ್ರೋತಸ್ಸಾಗಿದೆ. ಪಾವಗಡದ ತಿರುಮಣಿಯ ಸುತ್ತಣ ಸೌರವಿದ್ಯುತ್ ಕ್ಷೇತ್ರವನ್ನೇ ನೋಡಿರಿ: ಸುಮಾರು ೧೩,೦೦೦ ಎಕರೆ, ೨,೦೫೦ ಮೆಗಾವ್ಯಾಟ್, ರೈತರಿಗೆ ಎಕರೆಗೆ ವರ್ಷಕ್ಕೆ ೨೧,೦೦೦ ರೂಪಾಯಿಗಳಿಂದ ಆರಂಭವಾದ ಗುತ್ತಿಗೆ. ಇಂಥ ಕಾರ್ಯಗಳನ್ನು ತೀರ್ಮಾನಿಸುವ ಪೀಠದಲ್ಲಿ ಗುತ್ತಿಗೆದಾರನೇ ಕುಳಿತರೆ, ಕೊಡುವವನೂ ಕೊಳ್ಳುವವನೂ ಒಬ್ಬನೇ ಆಗುವ ಅಪಾಯವಿದೆ.

ಕಾನೂನು ಇದನ್ನು ಅರಿಯದೆ ಇಲ್ಲ. ೧೯೫೧ರ ಜನತಾ ಪ್ರಾತಿನಿಧ್ಯ ಕಾಯಿದೆಯ ೯ಎ ಪ್ರಕರಣದಂತೆ, ತನ್ನ ವ್ಯಾಪಾರದ ಸಂಬಂಧದಲ್ಲಿ ಸಂಬಂಧಪಟ್ಟ ಸರ್ಕಾರಕ್ಕೆ ಸರಕು ಒದಗಿಸುವ ಅಥವಾ ಅದರ ಕಾಮಗಾರಿಯನ್ನು ನಡೆಸುವ ಕರಾರು ಜಾರಿಯಲ್ಲಿರುವವನು ಅನರ್ಹನು. ತನ್ನ ಕೆಲಸವನ್ನು ಪೂರ್ತಿ ಮುಗಿಸಿ ಹಣ ಮಾತ್ರ ಬರಬೇಕಾಗಿದ್ದರೆ ಈ ಅನರ್ಹತೆಯು ತಟ್ಟದು. ೨೦೦೨, ೨೦೦೩ರ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳಿಂದ ಅಭ್ಯರ್ಥಿಯು ಆಸ್ತಿ, ಸಾಲ, ಅಪರಾಧಪ್ರಕರಣಗಳನ್ನು ಪ್ರಮಾಣಪತ್ರದಲ್ಲಿ ತಿಳಿಸಬೇಕಾಯಿತು. ೨೦೧೮ರ ತೀರ್ಪಿನ ತರುವಾಯ ವರಮಾನದ ಮೂಲವೂ, ತಾನು, ಪತಿಪತ್ನಿಯರು, ಅವಲಂಬಿತರು, ಪಾಲುಗಾರಿಕೆಯ ಸಂಸ್ಥೆ, ಪಾಲುಳ್ಳ ಖಾಸಗಿ ಕಂಪೆನಿ ಇವರು ಸರ್ಕಾರದೊಡನೆ ಮಾಡಿಕೊಂಡ ಕರಾರುಗಳೂ ಅದರಲ್ಲಿ ಸೇರಿದುವು. ೧೮೮೧ರಲ್ಲಿ ಸದಸ್ಯನ ಹೆಸರಿನೊಡನೆ ತಾನಾಗಿಯೇ ಬರುತ್ತಿದ್ದ ಒಂದು ಶಬ್ದವನ್ನು, ಇಂದು ಹಲವು ಪುಟಗಳ ಪತ್ರವೊಂದರಿಂದ ಹೊರಡಿಸಬೇಕಾಗಿದೆ.

೬. ಪ್ರತಿನಿಧಿಯ ಲಕ್ಷಣ

ಈಗ ‘ಪ್ರತಿನಿಧಿ’ ಶಬ್ದಕ್ಕೆ ಬರೋಣ. ಇದು ನಮಗೆ ರಾಜಕೀಯದಿಂದ ಬಂದುದಲ್ಲ, ಯಜ್ಞಶಾಲೆಯಿಂದ ಬಂದುದು. ವ್ರೀಹಿ ದೊರೆಯದಿದ್ದರೆ ನೀವಾರವನ್ನು ಉಪಯೋಗಿಸುವುದು ಪ್ರಸಿದ್ಧವಾದ ದೃಷ್ಟಾಂತ. ಪೂರ್ವಮೀಮಾಂಸೆಯ ಆರನೆಯ ಅಧ್ಯಾಯದ ಮೂರನೆಯ ಪಾದದಲ್ಲಿ ಜೈಮಿನಿಯು ಯಾವುದಕ್ಕೆ ಪ್ರತಿನಿಧಿಯುಂಟು, ಯಾವುದಕ್ಕಿಲ್ಲವೆಂಬುದನ್ನು ವಿಚಾರಿಸುವನು. ಸಾಮಾನ್ಯವಾಗಿ ಯಜ್ಞದ ಸ್ವಾಮಿಗೆ, ಎಂದರೆ ಯಜಮಾನನಿಗೆ, ಪ್ರತಿನಿಧಿಯಿಲ್ಲ. ಫಲವನ್ನು ಬಯಸಿದವನು ತಾನೇ ಮಾಡಬೇಕು. ಆದರೆ ಸತ್ರವೆಂಬ ಯಾಗದಲ್ಲಿ ಕನಿಷ್ಠ ಹದಿನೇಳು ಮಂದಿ ಎಲ್ಲರೂ ಯಜಮಾನರೇ. ನಡುವೆ ಒಬ್ಬನು ಇಲ್ಲವಾದರೆ ಸಂಖ್ಯೆ ಕುಂದದಂತೆ ಇನ್ನೊಬ್ಬನನ್ನು ತರಬಹುದು. ಹಾಗೆ ಬಂದವನು ಸ್ವಾಮಿಯೇ? ಸಿದ್ಧಾಂತವು ಹೀಗಿದೆ: ಅವನು ಸ್ವಾಮಿಯಲ್ಲ, ಕರ್ಮಕರನು, ಫಲವು ಅವನದಲ್ಲ. ಆದರೆ ಸ್ವಾಮಿಯು ಆಚರಿಸಬೇಕಾದ ನಿಯಮಗಳೆಲ್ಲವನ್ನೂ ಅವನು ಆಚರಿಸತಕ್ಕದ್ದು.

ಪ್ರಜಾಪ್ರತಿನಿಧಿಯ ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ. ಮತದಾರರೆಲ್ಲರೂ ಕೂಡಿ ಮಾಡುವ ಸತ್ರದಲ್ಲಿ ಅವರ ಸ್ಥಾನದಲ್ಲಿ ಕುಳಿತವನಿಗೆ ನಿಯಮ ಪೂರ್ತಿ ಉಂಟು, ಫಲ ಮಾತ್ರ ಇಲ್ಲ. ನೊಕ್ಕಯ್ಯಸೆಟ್ಟಿಯು ಪಟ್ಟಣಕ್ಕೆ ‘ಸ್ವಾಮಿ’ಯಾಗಿದ್ದನು, ೧೮೮೧ರ ವರ್ತಕಸದಸ್ಯನೂ ತನ್ನ ವೃತ್ತಿಯ ವಿಷಯದಲ್ಲಿ ಸ್ವಾಮಿಗಳಲ್ಲೊಬ್ಬನೇ. ಇಂದಿನ ಶಾಸಕನಾದರೋ ಪ್ರತಿನಿಧಿ. ಅಂಗಡಿಯಲ್ಲಿ ಲಾಭವು ನ್ಯಾಯವಾದುದು. ಕೌಟಿಲ್ಯನು ಸಹ ವರ್ತಕನಿಗೆ ಸ್ವದೇಶದ ಪಣ್ಯದಲ್ಲಿ ನೂರಕ್ಕೆ ೫, ಪರದೇಶದ ಪಣ್ಯದಲ್ಲಿ ನೂರಕ್ಕೆ ೧೦ ಲಾಭವನ್ನು ಗೊತ್ತುಮಾಡಿ ಕೊಟ್ಟಿರುವನು. ಪೀಠದಲ್ಲಿ ಆ ಐದೂ ಸಲ್ಲದು.

ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದ ಸಂವಿದ್ವ್ಯತಿಕ್ರಮ ಪ್ರಕರಣವು ಇದನ್ನೇ ಲೌಕಿಕವಾಗಿ ವಿಧಿಸುವುದು. ಸಮೂಹದ ಕಾರ್ಯಕ್ಕೆಂದು ಕಳುಹಿಸಲ್ಪಟ್ಟವನು ತನಗೆ ದೊರೆತುದನ್ನು ಸಮೂಹಕ್ಕೆ ಒಪ್ಪಿಸಬೇಕು. ತಾನಾಗಿ ಒಪ್ಪಿಸದಿದ್ದರೆ ಹನ್ನೊಂದರಷ್ಟು ಕೊಡಿಸಬೇಕು. ಕಾರ್ಯಚಿಂತಕರು ಧರ್ಮಜ್ಞರೂ ಶುಚಿಗಳೂ ಅಲುಬ್ಧರೂ ಆಗಿರಬೇಕೆಂದೂ ಅದೇ ಪ್ರಕರಣವು ಹೇಳುವುದು. ಈ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದವನು. ವರ್ತಕಸಮೂಹಗಳು ಪ್ರಬಲವಾಗಿದ್ದ ನಾಡಿನಲ್ಲಿಯೇ ಈ ನಿಯಮಗಳು ವಿಚಾರಿಸಲ್ಪಟ್ಟುವೆಂಬುದನ್ನು ಮರೆಯಬಾರದು.

೭. ಉಪಸಂಹಾರ

ಹೀಗಿರಲು, ವರ್ತಕನು ವಿಧಾನಸಭೆಗೆ ಹೋಗಬಾರದೆಂದು ಹೇಳುವುದಕ್ಕೆ ಶಾಸ್ತ್ರದಲ್ಲಾಗಲಿ ಚರಿತ್ರೆಯಲ್ಲಾಗಲಿ ಆಧಾರವಿಲ್ಲ. ಧಾರಾಳವಾಗಿ ಹೋಗಲಿ. ಬರಗಾಲದಲ್ಲಿ ಊರಿನ ಮನೆಮನೆಯ ಕಷ್ಟವನ್ನು ಬಲ್ಲವನ ತಿಳಿವಳಿಕೆಯು ಸಭೆಗೆ ಬೇಕಾದುದೇ. ಆದರೆ ಎರಡು ಷರತ್ತುಗಳನ್ನು ನಾವು ಬಿಡಕೂಡದು. ದಾಮೋದರಪುರದ ತಾಮ್ರಪಟದಲ್ಲಿದ್ದಂತೆ ಅವನ ವೃತ್ತಿಯು ಅವನ ಹೆಸರಿನೊಡನೆ ಎಲ್ಲರ ಕಣ್ಣಿಗೂ ಕಾಣುತ್ತಿರಬೇಕು. ಸತ್ರದಲ್ಲಿ ಬಂದು ಕುಳಿತವನಂತೆ ಅವನು ಫಲವನ್ನು ಬಿಟ್ಟು ನಿಯಮವನ್ನು ಹಿಡಿಯಬೇಕು. ಮೊದಲನೆಯದಕ್ಕೆ ಪ್ರಮಾಣಪತ್ರವು ಈಗ ಸಾರ್ವಜನಿಕವಾಗಿ ದೊರೆಯುವುದು. ಅದನ್ನು ಓದುವವರು ಬೇಕು. ಅಕ್ಷರ ಕಲಿಸುವ ನಾವು, ಶಾಸನಗಳನ್ನು ಓದಿಸುವ ಶ್ರದ್ಧೆಯಿಂದಲೇ ಆ ಪತ್ರವನ್ನು ಓದುವುದನ್ನೂ ವಿದ್ಯಾರ್ಥಿಗಳಿಗೆ ಕಲಿಸಬಹುದು. ಎರಡನೆಯದಕ್ಕೆ ಮತದಾರನ ಧೈರ್ಯವೇ ಆಧಾರ. ಅಕ್ಕಿಯ ಲೆಕ್ಕವನ್ನು ಅಕ್ಕಿಗೂ ಮತದ ಲೆಕ್ಕವನ್ನು ಊರಿಗೂ ಬರೆದಿಟ್ಟರೆ, ಮಂಡಿಯ ಸೆಟ್ಟರಿಗೂ ಗೌರವ, ಸಭೆಗೂ ಗೌರವ.